ಜಾಲತಾಣದ ಪ್ರಚಾರ: ಯಾವ ದಾರಿಗೆ ಎಷ್ಟು ವೆಚ್ಚ, ಆ ವೆಚ್ಚ ಯಾರ ಮೇಲೆ

ಹೊಸದಾಗಿ ಜಾಲತಾಣ ಮಾಡಿಸಿಕೊಂಡ ಸಣ್ಣ ಉದ್ದಿಮೆದಾರರು, ಹೋಂಸ್ಟೇ ನಡೆಸುವವರು, ಪುಸ್ತಕ ಪ್ರಕಾಶಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ತಾಣವೇನೋ ಸಿದ್ಧವಾಗಿದೆ, ಜನ ಬರುತ್ತಿಲ್ಲ, ಮುಂದೇನು? ಉತ್ತರ ಹೇಳಲು ಬರುವವರಿಗೂ ಕೊರತೆಯಿಲ್ಲ. ಒಂದು ಏಜೆನ್ಸಿ ತಿಂಗಳೊಳಗೆ ಗೂಗಲ್‌ನ ಮೊದಲ ಪುಟಕ್ಕೆ ತರುವ ಭರವಸೆ ಕೊಡುತ್ತದೆ, ಇನ್ನೊಂದು ಲಕ್ಷ ಮೊಬೈಲ್ ಸಂಖ್ಯೆಗಳ ಪಟ್ಟಿ ಮಾರಲು ಬರುತ್ತದೆ, ಮತ್ತೊಂದು ಐದು ನಕ್ಷತ್ರದ ವಿಮರ್ಶೆಗಳನ್ನು ಸಗಟು ದರದಲ್ಲಿ ಬರೆಸಿಕೊಡುತ್ತೇನೆ ಎನ್ನುತ್ತದೆ. ಇವುಗಳ ಪಕ್ಕದಲ್ಲಿ ಗೂಗಲ್ ಮತ್ತು ಮೆಟಾ ಕಂಪನಿಗಳ ಜಾಹೀರಾತು, ವಾಟ್ಸ್‌ಆ್ಯಪ್, ಇಮೇಲ್, ರೀಲ್ಸ್ ಮಾಡುವವರ ಪ್ರಾಯೋಜಿತ ವಿಡಿಯೊ ಎಲ್ಲವೂ ಇವೆ. ಇವುಗಳಲ್ಲಿ ಯಾವುದು ಅಗ್ಗ ಎಂದು ಕೇಳುವ ಮೊದಲು, ಎಲ್ಲವನ್ನೂ ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.

ಅಳತೆಗೋಲುಗಳು

ನಾನು ಮೊದಲು ನೋಡುವುದು ಒಪ್ಪಿಗೆಯನ್ನು. ನಿಮ್ಮ ಸಂದೇಶ ಯಾರನ್ನು ಮುಟ್ಟುತ್ತದೆಯೋ ಅವರು ಅದನ್ನು ಬಯಸಿದ್ದರೇ, ಅಥವಾ ಕನಿಷ್ಠ ಅಂಥದ್ದೇನನ್ನೋ ಹುಡುಕುತ್ತಿದ್ದರೇ? ಎರಡನೆಯದು ಬಹಿರಂಗತೆ. ಇದು ಜಾಹೀರಾತು, ಇದಕ್ಕೆ ಇಂಥವರು ಹಣ ಕೊಟ್ಟಿದ್ದಾರೆ ಎಂಬುದು ನೋಡುವವರಿಗೆ ತಿಳಿಯುತ್ತದೆಯೇ? ಮೂರನೆಯದು ಬಾಳಿಕೆ, ಅಂದರೆ ಹಣ ಹಾಕುವುದನ್ನು ನಿಲ್ಲಿಸಿದ ಮೇಲೂ ಏನಾದರೂ ಉಳಿಯುತ್ತದೆಯೇ ಎಂಬುದು. ನಾಲ್ಕನೆಯದು, ಎಡವಿದರೆ ನಷ್ಟ ಎಷ್ಟು ಮತ್ತು ಅದನ್ನು ಸರಿಪಡಿಸಿಕೊಳ್ಳಲು ಸಾಧ್ಯವೇ ಎಂಬುದು. ಹಣ ಮತ್ತು ಸಮಯದ ಲೆಕ್ಕ ಇವೆಲ್ಲದರ ನಂತರ ಬರಬೇಕು, ಏಕೆಂದರೆ ಅಗ್ಗವೆಂದು ಕಾಣುವ ಬಹುತೇಕ ದಾರಿಗಳು ಅಗ್ಗವಾಗಿರುವುದು ಅವುಗಳ ವೆಚ್ಚವನ್ನು ಬೇರೆ ಯಾರೋ ಹೊರುತ್ತಿರುವುದರಿಂದಲೇ.

ಈ ಕೊನೆಯ ಮಾತನ್ನು ಒಂದು ಹಳೆಯ ಪ್ರಕರಣ ಚೆನ್ನಾಗಿ ತೋರಿಸುತ್ತದೆ. 1994ರ ಏಪ್ರಿಲ್‌ನಲ್ಲಿ ಅಮೆರಿಕದ ಅರಿಜೋನಾದ ವಕೀಲ ದಂಪತಿ ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ಥಾ ಸೀಗಲ್, ಗ್ರೀನ್ ಕಾರ್ಡ್ ಲಾಟರಿಗೆ ಅರ್ಜಿ ಹಾಕಿಸಿಕೊಡುತ್ತೇವೆ ಎಂಬ ಜಾಹೀರಾತನ್ನು ಯೂಸ್‌ನೆಟ್ ಎಂಬ ಅಂದಿನ ಅಂತರ್ಜಾಲ ಚರ್ಚಾಜಾಲದ ಸಾವಿರಾರು ಚರ್ಚಾಗುಂಪುಗಳಿಗೆ ಒಂದೇ ಸಲಕ್ಕೆ ಸುರಿದರು. ಅವರಿಗೆ ಅದರ ಖರ್ಚು ನಗಣ್ಯ. ಆದರೆ ಅದನ್ನು ಇಳಿಸಿಕೊಂಡ ಓದುಗರು ಸಂಪರ್ಕಕ್ಕೆ ತಮ್ಮ ಹಣ ಕೊಟ್ಟಿದ್ದರು, ಮತ್ತು ದೂರುಗಳ ಹೊಡೆತಕ್ಕೆ ಆ ದಂಪತಿಗೆ ಸಂಪರ್ಕ ಒದಗಿಸಿದ್ದ ಕಂಪನಿಯ ಸರ್ವರ್ ಮತ್ತೆ ಮತ್ತೆ ಕುಸಿಯಿತು. ಅಂದಿನಿಂದ ಸಾಧನಗಳು ಬದಲಾಗಿವೆ, ಲೆಕ್ಕಾಚಾರ ಬದಲಾಗಿಲ್ಲ. ಬೇಜವಾಬ್ದಾರಿಯ ಪ್ರಚಾರ ಎಂದರೆ ಒಪ್ಪದವರ ತಲೆಗೆ ವೆಚ್ಚ ಕಟ್ಟುವ ಪ್ರಚಾರ ಎಂಬುದು ನನ್ನ ದೃಢ ಅಭಿಪ್ರಾಯ, ಮತ್ತು ಮುಂದಿನ ಹೋಲಿಕೆಯೆಲ್ಲ ಈ ನೆಲೆಯಿಂದಲೇ ಬರುತ್ತದೆ.

ಹುಡುಕುವವರಿಗೆ ಸಿಗುವುದು

ಗೂಗಲ್‌ನಂತಹ ಹುಡುಕಾಟದಲ್ಲಿ ಸಿಗುವಂತೆ ತಾಣವನ್ನು ಸಜ್ಜುಗೊಳಿಸುವುದು ಮೊದಲ ದಾರಿ. ಒಪ್ಪಿಗೆಯ ಅಳತೆಯಲ್ಲಿ ಇದಕ್ಕಿಂತ ಮೇಲಿನ ದಾರಿ ಇಲ್ಲ, ಏಕೆಂದರೆ ಇಲ್ಲಿ ಗ್ರಾಹಕರೇ ಹುಡುಕಿಕೊಂಡು ಬರುತ್ತಾರೆ. ಬಾಳಿಕೆಯೂ ಹೆಚ್ಚು, ಏಕೆಂದರೆ ಚೆನ್ನಾಗಿ ಬರೆದ ಒಂದು ಪುಟ ವರ್ಷಗಟ್ಟಲೆ ಜನರನ್ನು ಕರೆತರಬಲ್ಲದು. ಕಷ್ಟವಿರುವುದು ಸಮಯದಲ್ಲಿ. ತಾಣವನ್ನು ಸುಧಾರಿಸಿದ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂದು ಗೂಗಲ್‌ನವರೇ ಹೇಳಿದ್ದಾರೆ. ಮೊದಲ ಸ್ಥಾನವನ್ನು ಯಾರೂ ಖಾತರಿಪಡಿಸಲಾರರು ಎಂಬುದೂ ಅವರದೇ ಮಾತು. ಹೀಗಾಗಿ ತಿಂಗಳೊಳಗಿನ ಭರವಸೆ ಕೊಡುವವರ ಜೊತೆ ಮಾತು ಮುಂದುವರಿಸುವ ಅಗತ್ಯ ಬೀಳುವುದಿಲ್ಲ.

ಕನ್ನಡದ ತಾಣಗಳಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ, ಅದನ್ನು ಹತ್ತಿರದಿಂದ ನೋಡಬೇಕು. ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಎಷ್ಟೋ ಪಠ್ಯ ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ, ಯೂನಿಕೋಡ್ (ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ರೂಪದಲ್ಲಿ ತಯಾರಾಗುತ್ತದೆ. ಆ ಪಠ್ಯವನ್ನು ಹಾಗೆಯೇ ತಾಣಕ್ಕೆ ಅಂಟಿಸಿದರೆ, ಅದೇ ಫಾಂಟು ಇರುವ ಕಂಪ್ಯೂಟರಿನಲ್ಲಿ ಕನ್ನಡ ಅಂದವಾಗಿ ಕಾಣಬಹುದು, ಆದರೆ ಯಂತ್ರದ ಪಾಲಿಗೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಪರೀಕ್ಷಿಸುವುದು ಸುಲಭ. ನಿಮ್ಮ ಪುಟದಿಂದ ಒಂದು ವಾಕ್ಯವನ್ನು ನಕಲು ಮಾಡಿ ಮೊಬೈಲಿನ ವಾಟ್ಸ್‌ಆ್ಯಪ್‌ಗೆ ಅಂಟಿಸಿ ನೋಡಿ. ಅಲ್ಲಿ ಕನ್ನಡ ಉಳಿಯದಿದ್ದರೆ ಗೂಗಲ್‌ಗೂ ಅದು ಕನ್ನಡವಲ್ಲ, ಮತ್ತು ಯಾವ ಪ್ರಚಾರದ ಖರ್ಚೂ ಆ ಪುಟವನ್ನು ಎತ್ತಲಾರದು. ಪಠ್ಯವನ್ನೆಲ್ಲ ಚಿತ್ರವಾಗಿಸಿ ಹಾಕಿದ ತಾಣಗಳ ಪಾಡೂ ಬಹುಮಟ್ಟಿಗೆ ಇದೇ. ಕೆಲವು ಸಾವಿರ ರೂಪಾಯಿಯನ್ನು ಜಾಹೀರಾತಿಗೆ ಸುರಿಯುವ ಮೊದಲು ಆ ಹಣವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಕರಡು ತಿದ್ದಿಸಲು ಬಳಸಿದರೆ ಹೆಚ್ಚು ಸಾರ್ಥಕ.

ಎರಡನೆಯ ಕೆಲಸ, ಜನ ನಿಜವಾಗಿ ಬಳಸುವ ಪದಗಳನ್ನು ತಿಳಿಯುವುದು. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ ನಿಮ್ಮ ತಾಣವನ್ನು ನೋಂದಾಯಿಸಿದರೆ, ಯಾವ ಪದಗಳನ್ನು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಎಂಬ ಪಟ್ಟಿ ಸಿಗುತ್ತದೆ. ಒಂದೇ ವಸ್ತುವನ್ನು ಕೆಲವರು ಕನ್ನಡ ಲಿಪಿಯಲ್ಲಿ, ಕೆಲವರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದಲ್ಲಿ, ಕೆಲವರು ನೇರವಾಗಿ ಇಂಗ್ಲಿಷಿನಲ್ಲಿ ಹುಡುಕುತ್ತಾರೆ. ಹೋಂಸ್ಟೇ, ಹೋಮ್ ಸ್ಟೇ ಎಂಬ ಎರಡು ರೂಪಗಳೂ ಪಟ್ಟಿಯಲ್ಲಿ ಬರಬಹುದು. ಇವನ್ನೆಲ್ಲ ಒಂದು ಪುಟದಲ್ಲಿ ಮೂಟೆ ಕಟ್ಟಿ ತುರುಕುವುದು ತಪ್ಪು, ಅದನ್ನು ಗೂಗಲ್ ಸ್ಪ್ಯಾಮ್, ಅಂದರೆ ಮೋಸದ ಕಸ ಎಂದೇ ಎಣಿಸುತ್ತದೆ. ಗ್ರಾಹಕರ ಪ್ರಶ್ನೆಗೆ ಉತ್ತರ ಕೊಡುವ ಶೀರ್ಷಿಕೆ, ಊರಿನ ಹೆಸರು, ದರ, ತಲುಪುವ ದಾರಿ, ಫೋನ್ ಸಂಖ್ಯೆ ಸ್ಪಷ್ಟವಾಗಿದ್ದರೆ ಅರ್ಧ ಕೆಲಸ ಮುಗಿಯಿತು. ಅಂಗಡಿ ಅಥವಾ ಕಚೇರಿ ಇರುವವರು, ಗೂಗಲ್ ಹುಡುಕಾಟದಲ್ಲೂ ನಕ್ಷೆಯಲ್ಲೂ ತಮ್ಮ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲನ್ನೂ ಉಚಿತವಾಗಿ ಮಾಡಿಕೊಳ್ಳಬಹುದು. ಊರಿನೊಳಗಿನ ಗ್ರಾಹಕರನ್ನೇ ನೆಚ್ಚಿಕೊಂಡ ವ್ಯಾಪಾರಕ್ಕೆ ಅದು ಎಷ್ಟೋ ಸಲ ಜಾಲತಾಣಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಣಕ್ಕೆ ಸಿಗುವ ಕೊಂಡಿಗಳು

ಬೇರೆ ತಾಣಗಳಿಂದ ಬರುವ ಕೊಂಡಿಗಳನ್ನು (ಲಿಂಕ್) ಶಿಫಾರಸುಗಳಂತೆ ಎಣಿಸುವ ಪೇಜ್‌ರ‍್ಯಾಂಕ್ ಪದ್ಧತಿಯ ಮೇಲೆ ಗೂಗಲ್ 1998ರಲ್ಲಿ ನಿಂತಿತು. ಕೊಂಡಿಗಳಿಗೆ ಬೆಲೆ ಬಂದ ಕೂಡಲೇ ಅವುಗಳ ಮಾರಾಟವೂ ಶುರುವಾಯಿತು. ಸಾವಿರ ಬ್ಯಾಕ್‌ಲಿಂಕ್‌ಗಳ ಪ್ಯಾಕೇಜು ಎಂದು ಏಜೆನ್ಸಿಗಳು ಇಂದಿಗೂ ಮಾರುವುದು ಇದನ್ನೇ. ಆ ಕೊಂಡಿಗಳು ಬರುವುದೆಲ್ಲಿಂದ? ಯಾರೂ ಓದದ ತಾಣಗಳಿಂದ, ಯಂತ್ರ ಬರೆದು ತುಂಬಿಸಿದ ಪುಟಗಳಿಂದ, ಕೆಲವೊಮ್ಮೆ ಯಾರದೋ ತಾಣಕ್ಕೆ ಅಕ್ರಮವಾಗಿ ನುಗ್ಗಿ ಅಡಗಿಸಿಟ್ಟ ಸಾಲುಗಳಿಂದ. ಶಾಲೆಯೊಂದರ ಅಥವಾ ಸಂಘವೊಂದರ ನಿರ್ವಹಣೆಯಿಲ್ಲದ ತಾಣದ ಅಡಿಯಲ್ಲಿ ಜೂಜಿನ ಕೊಂಡಿಗಳು ಕಾಣಿಸಿಕೊಳ್ಳುವುದು ಹೀಗೆ. ನೀವು ಕೊಂಡ ಪ್ಯಾಕೇಜಿನ ವೆಚ್ಚವನ್ನು ಆ ಶಾಲೆಯವರು ಹೊರುತ್ತಿರಬಹುದು ಎಂಬುದನ್ನು ಯೋಚಿಸಲೇಬೇಕು.

ಸಿಕ್ಕಿಬಿದ್ದರೆ ಆಗುವ ನಷ್ಟದ ಮಟ್ಟಿಗೆ ದಾಖಲೆಗಳು ಸ್ಪಷ್ಟವಾಗಿವೆ. 2006ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ತಾಣ, ಹುಡುಕಾಟದ ಯಂತ್ರಕ್ಕೊಂದು ಪುಟ, ಜನರಿಗೆ ಇನ್ನೊಂದು ಪುಟ ತೋರಿಸಿದ್ದಕ್ಕೆ ಗೂಗಲ್‌ನ ಫಲಿತಾಂಶಗಳಿಂದಲೇ ಹೊರಬಿತ್ತು. 2011ರಲ್ಲಿ ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಯ ಪರವಾಗಿ ಹಾಕಿಸಲಾಗಿದ್ದ ಸಾವಿರಾರು ಕೊಂಡಿಗಳನ್ನು ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿದ ಮೇಲೆ ಅದರ ಸ್ಥಾನಗಳು ನೆಲಕಚ್ಚಿದವು. 2012ರ ಜನವರಿಯಲ್ಲಿ ಗೂಗಲ್ ತನ್ನದೇ ಕ್ರೋಮ್ ಬ್ರೌಸರಿನ ಪುಟವನ್ನೂ ಪ್ರಾಯೋಜಿತ ಕೊಂಡಿಯ ಕಾರಣಕ್ಕೆ ಕನಿಷ್ಠ 60 ದಿನ ಕೆಳಗಿಳಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಪೆಂಗ್ವಿನ್ ಎಂಬ ಮಾರ್ಪಾಡು ಕೊಂಡಿಗಳ ಮೋಸದಂತಹ ಸ್ಪ್ಯಾಮನ್ನು ಗುರಿಯಾಗಿಸಿಕೊಂಡಿತ್ತು. ದೊಡ್ಡ ಕಂಪನಿಗಳಿಗೆ ವಕೀಲರು, ತಂತ್ರಜ್ಞರು, ಪತ್ರಿಕಾ ಸಂಪರ್ಕ ಎಲ್ಲ ಇರುತ್ತದೆ, ಅವು ಬೇಗ ಚೇತರಿಸಿಕೊಳ್ಳುತ್ತವೆ. ತೀರ್ಥಹಳ್ಳಿಯಲ್ಲಿ ಕೂತು ಜೇನುತುಪ್ಪ ಮಾರುವವರಿಗೆ ಅದೇ ಶಿಕ್ಷೆ ಬಿದ್ದರೆ, ಕೆಟ್ಟ ಕೊಂಡಿಗಳನ್ನು ಒಂದೊಂದಾಗಿ ಗುರುತಿಸಿ, ತೆಗೆಸಿ, ಮರುಪರಿಶೀಲನೆಗೆ ಮನವಿ ಹಾಕುವಷ್ಟರಲ್ಲಿ ಒಂದು ಹಂಗಾಮೇ ಕಳೆದುಹೋಗುತ್ತದೆ.

ಹಣ ಕೊಟ್ಟ ಕೊಂಡಿಗಳೆಲ್ಲ ನಿಷಿದ್ಧವೆಂದಲ್ಲ. ಊರಿನ ಕಾರ್ಯಕ್ರಮವೊಂದಕ್ಕೆ ಪ್ರಾಯೋಜಕರಾಗಿ, ಅವರ ತಾಣದಲ್ಲಿ ನಿಮ್ಮ ಹೆಸರು ಬಂದರೆ ತಪ್ಪಿಲ್ಲ. ಆದರೆ ಆ ಕೊಂಡಿ ಪ್ರಾಯೋಜಿತ ಎಂದು ಯಂತ್ರಕ್ಕೂ ತಿಳಿಸುವ ಗುರುತು 2019ರಿಂದಲೇ ಇದೆ, ಅದನ್ನು ಹಾಕಿಸಬೇಕು. ವಿಕಿಪೀಡಿಯದಲ್ಲಿ ತಮ್ಮ ತಾಣದ ಕೊಂಡಿಯನ್ನು ಸೇರಿಸಿ ಬರುವವರೂ ಇದ್ದಾರೆ. 2007ರಿಂದ ಅಲ್ಲಿನ ಹೊರಕೊಂಡಿಗಳಿಗೆಲ್ಲ ಶಿಫಾರಸಾಗಿ ಎಣಿಸಬೇಡಿ ಎಂಬ ಗುರುತು ಇರುವುದರಿಂದ ಸ್ಥಾನ ಏರಿಸಿಕೊಳ್ಳುವ ಉದ್ದೇಶ ಅಲ್ಲಿ ಈಡೇರುವುದಿಲ್ಲ. ಅದನ್ನು ಅಳಿಸುವ ಕೆಲಸ ಮಾತ್ರ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರ ಪಾಲಿಗೆ ಬೀಳುತ್ತದೆ. ಕನ್ನಡ ವಿಕಿಪೀಡಿಯದಂತಹ ಸಣ್ಣ ಸಮುದಾಯದಲ್ಲಿ ಅಂಥವರು ಬೆರಳೆಣಿಕೆಯಷ್ಟಿರುವಾಗ ಅವರ ಸಮಯವನ್ನು ಹೀಗೆ ಪೋಲು ಮಾಡುವುದು ನನಗೆ ತುಂಬ ನೋವು ಕೊಡುವ ಸಂಗತಿ.

ಊರಿನ ಹೆಸರನ್ನಷ್ಟೇ ಬದಲಿಸಿ ನೂರಾರು ಪುಟಗಳನ್ನು ಎಐ ಸಾಧನದಿಂದ ಬರೆಸಿ ತುಂಬಿಸುವ ಹೊಸ ಪ್ಯಾಕೇಜೂ ಇದೇ ಸಾಲಿಗೆ ಸೇರುತ್ತದೆ. 2024ರ ಮಾರ್ಚ್‌ನಲ್ಲಿ ಗೂಗಲ್ ಇಂತಹ ಸಗಟು ಪುಟಗಳನ್ನು, ಅವಧಿ ಮುಗಿದ ಹಳೆಯ ಡೊಮೇನುಗಳನ್ನು (ತಾಣದ ವಿಳಾಸಗಳನ್ನು) ಕೊಂಡು ಅವುಗಳ ಹೆಸರಿನ ಬಲದಲ್ಲಿ ಮೇಲೇರುವುದನ್ನು ಸ್ಪ್ಯಾಮ್ ನಿಯಮಗಳಲ್ಲಿ ಹೆಸರಿಸಿ ಸೇರಿಸಿತು.

ಹಣ ಕೊಟ್ಟು ಹಾಕುವ ಜಾಹೀರಾತು

ಜಾಹೀರಾತು ಎಂಬ ಗುರುತಿನೊಂದಿಗೇ ಬರುವುದರಿಂದ ಬಹಿರಂಗತೆಯಲ್ಲಿ ಇದಕ್ಕೆ ದೋಷವಿಲ್ಲ. ಫಲ ಅಂದೇ ಕಾಣುತ್ತದೆ, ಹಣ ನಿಲ್ಲಿಸಿದ ದಿನವೇ ನಿಲ್ಲುತ್ತದೆ. ಹೀಗಾಗಿ ಹಬ್ಬದ ಮಾರಾಟ, ಪುಸ್ತಕ ಬಿಡುಗಡೆ, ಪ್ರವೇಶಾತಿಯ ಅವಧಿಯಂತಹ ಗಡುವಿರುವ ಕೆಲಸಕ್ಕೆ ಇದೇ ತಕ್ಕದ್ದು.

ಲೆಕ್ಕವನ್ನು ಮಾತ್ರ ಮೊದಲೇ ಹಾಕಿಕೊಳ್ಳಬೇಕು. ಒಂದು ಕ್ಲಿಕ್ಕಿಗೆ 8 ರೂಪಾಯಿ ಬೀಳುತ್ತದೆ, ಬಂದ 100 ಜನರಲ್ಲಿ ಇಬ್ಬರು ಕೊಳ್ಳುತ್ತಾರೆ ಎಂದಿಟ್ಟುಕೊಳ್ಳೋಣ. 800 ರೂಪಾಯಿಗೆ ಶೇ 18ರ ಜಿಎಸ್‌ಟಿ ಸೇರಿ 944 ಆಗುತ್ತದೆ, ಅಂದರೆ ಒಂದು ಆರ್ಡರಿಗೆ 472 ರೂಪಾಯಿ. ಉಪ್ಪಿನಕಾಯಿಯ ಬಾಟಲಿಯೊಂದರಲ್ಲಿ 120 ರೂಪಾಯಿ ಉಳಿಯುವ ವ್ಯಾಪಾರಕ್ಕೆ ಇದು ನೇರ ನಷ್ಟ. ಎರಡು ರಾತ್ರಿಯ ತಂಗುವಿಕೆಗೆ ಕೆಲವು ಸಾವಿರ ಪಡೆಯುವ ಹೋಂಸ್ಟೇಗೆ ಇದೇ ವೆಚ್ಚ ಸಲೀಸು. ಉಪ್ಪಿನಕಾಯಿಯವರು ಜಾಹೀರಾತು ಹಾಕಲೇಬೇಕೆಂದಿದ್ದರೆ ಬಿಡಿ ಬಾಟಲಿಗೆ ಹಾಕದೆ ದೊಡ್ಡ ಪೊಟ್ಟಣಕ್ಕೆ ಅಥವಾ ಸಗಟು ಆರ್ಡರಿಗೆ ಹಾಕಬೇಕು.

ಹಣ ಸೋರುವ ಜಾಗಗಳೂ ಗೊತ್ತಿರಬೇಕು. ಉಪ್ಪಿನಕಾಯಿ ಎಂಬ ಪದಕ್ಕೆ ಜಾಹೀರಾತು ಹಾಕಿದರೆ, ಮನೆಯಲ್ಲೇ ಉಪ್ಪಿನಕಾಯಿ ಹಾಕುವ ವಿಧಾನ ಹುಡುಕುವವರಿಗೂ ಅದು ಕಾಣುತ್ತದೆ, ಅವರು ಒತ್ತಿದ ಪ್ರತಿ ಕ್ಲಿಕ್ಕಿಗೂ ನೀವು ಹಣ ತೆರುತ್ತೀರಿ. ಮಾಡುವ ವಿಧಾನ, ರೆಸಿಪಿ ಎಂಬಂತಹ ಪದಗಳನ್ನು ನೆಗೆಟಿವ್ ಕೀವರ್ಡ್‌ಗಳ, ಅಂದರೆ ಯಾವ ಪದ ಹುಡುಕಿದಾಗ ಜಾಹೀರಾತು ಕಾಣಬಾರದೋ ಅವುಗಳ ಪಟ್ಟಿಗೆ ಸೇರಿಸಿದರೆ ಅವರ ಸಮಯವೂ ನಿಮ್ಮ ದುಡ್ಡೂ ಉಳಿಯುತ್ತವೆ. ಸ್ಥಳದ ಆಯ್ಕೆಯಲ್ಲೂ ಎಚ್ಚರ ಬೇಕು, ಏಕೆಂದರೆ ಗೂಗಲ್ ಆ್ಯಡ್ಸ್ ತಾನಾಗಿ ಇಟ್ಟುಕೊಳ್ಳುವ ಆಯ್ಕೆಯಲ್ಲಿ ಆ ಊರಿನಲ್ಲಿ ಇರುವವರ ಜೊತೆಗೆ ಆ ಊರಿನ ಬಗ್ಗೆ ಆಸಕ್ತಿ ತೋರಿಸಿದವರೂ ಸೇರುತ್ತಾರೆ. ಹುಬ್ಬಳ್ಳಿಯೊಳಗೆ ಮಾತ್ರ ಊಟ ತಲುಪಿಸುವವರು ಅದನ್ನು ಬದಲಿಸಿಕೊಳ್ಳಬೇಕು. ಸಕಲೇಶಪುರದ ಹೋಂಸ್ಟೇಯವರಿಗೆ ಬೇಕಾದದ್ದು ಸಕಲೇಶಪುರದ ಜನರಲ್ಲ, ವಾರಾಂತ್ಯಕ್ಕೆ ಹೊರಡುವ ಬೆಂಗಳೂರಿನವರು.

ಪ್ರತಿಸ್ಪರ್ಧಿಯ ಹೆಸರನ್ನೇ ಕೀವರ್ಡ್ ಆಗಿ ಕೊಳ್ಳುವ ಸಲಹೆ ಬಂದರೆ ನಿರಾಕರಿಸಿ. ಇಂತಹ ಬಳಕೆ ತನ್ನಷ್ಟಕ್ಕೆ ಉಲ್ಲಂಘನೆಯಲ್ಲದಿದ್ದರೂ ಗ್ರಾಹಕರಲ್ಲಿ ಗೊಂದಲ ಹುಟ್ಟಿಸಿದರೆ ಟ್ರೇಡ್‌ಮಾರ್ಕ್ ಉಲ್ಲಂಘನೆ ಆಗಬಹುದು ಎಂದು ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿದೆ.

ಎಸ್‌ಎಂಎಸ್, ವಾಟ್ಸ್‌ಆ್ಯಪ್, ಇಮೇಲ್

ಒಂದೇ ಸಾಧನ ಜವಾಬ್ದಾರಿಯಿಂದಲೂ ಬೇಜವಾಬ್ದಾರಿಯಿಂದಲೂ ಬಳಕೆಯಾಗುವುದು ಇಲ್ಲಿ ಎದ್ದು ಕಾಣುತ್ತದೆ. ಕೊಂಡು ತಂದ ಸಂಖ್ಯೆಗಳ ಪಟ್ಟಿ ಎಷ್ಟೇ ದೊಡ್ಡದಿದ್ದರೂ ಅದರಲ್ಲಿ ನಿಮಗೆ ಒಪ್ಪಿಗೆ ಕೊಟ್ಟವರು ಒಬ್ಬರೂ ಇಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2018ರಲ್ಲಿ ತಂದ ನಿಯಮಗಳ ಪ್ರಕಾರ ವಾಣಿಜ್ಯ ಎಸ್‌ಎಂಎಸ್ ಕಳಿಸುವವರು ದೂರಸಂಪರ್ಕ ಕಂಪನಿಗಳ ವೇದಿಕೆಯಲ್ಲಿ ತಮ್ಮ ಸಂಸ್ಥೆಯನ್ನು, ಸಂದೇಶದಲ್ಲಿ ಕಳಿಸಿದವರ ಹೆಸರಾಗಿ ಕಾಣುವ ಗುರುತನ್ನು (ಹೆಡರ್), ಮಾದರಿ ಪಠ್ಯವನ್ನು ನೋಂದಾಯಿಸಬೇಕು. ಸಾಮಾನ್ಯ ಹತ್ತಂಕಿಯ ಸಂಖ್ಯೆಯಿಂದ ಪ್ರಚಾರದ ಕರೆ ಮಾಡುವಂತಿಲ್ಲ. ಬೇಡವೆನ್ನುವವರು 1909ಕ್ಕೆ ತಿಳಿಸಿ ತಡೆಯಬಹುದು, ದೂರನ್ನೂ ಕೊಡಬಹುದು. ಹೆಸರು, ಸಂಖ್ಯೆಗಳಂತಹ ವೈಯಕ್ತಿಕ ಮಾಹಿತಿಯ ಬಳಕೆಗೆ ಒಪ್ಪಿಗೆಯನ್ನು ಆಧಾರವಾಗಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ.

ಇಮೇಲ್ ಕಳಿಸುವವರಿಗೆ ಜಿಮೇಲ್ 2024ರ ಫೆಬ್ರುವರಿಯಿಂದ ನಿಯಮ ಬಿಗಿಮಾಡಿದೆ. ದಿನಕ್ಕೆ ಜಿಮೇಲ್‌ನ ವಿಳಾಸಗಳಿಗೆ 5,000ಕ್ಕಿಂತ ಹೆಚ್ಚು ಸಂದೇಶ ಕಳಿಸುವವರು ಕಳಿಸಿದ್ದು ತಾವೇ ಎಂಬುದನ್ನು ದೃಢೀಕರಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ವ್ಯವಸ್ಥೆಗಳನ್ನು ಹೊಂದಿರಬೇಕು, ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವ ಅವಕಾಶ ಕೊಡಬೇಕು, ಸ್ಪ್ಯಾಮ್ ದೂರುಗಳು ಶೇ 0.3ರ ಕೆಳಗಿರಬೇಕು. ಸಾವಿರಕ್ಕೆ ಮೂರು ಜನ ಸಿಟ್ಟಾದರೂ ಸಾಕು ಎಂದಾಯಿತು. ನಿಮ್ಮ ಡೊಮೇನಿನ ಹೆಸರು ಹೀಗೆ ಕೆಟ್ಟರೆ ನಾಳೆ ನೀವು ಕಳಿಸುವ ಬಿಲ್ಲು, ಆರ್ಡರಿನ ಖಚಿತತೆಯ ಪತ್ರಗಳೂ ಸ್ಪ್ಯಾಮ್ ಪೆಟ್ಟಿಗೆ ಸೇರುತ್ತವೆ.

ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಜಾಗವಿದ್ದು, ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಇದನ್ನು ತೊಡಕು ಎಂದು ದೂರುವವರಿದ್ದಾರೆ, ನನಗೆ ಇದು ಒಳ್ಳೆಯ ಬೇಲಿ. ಕೇಳದೆ ಜನರನ್ನು ಗುಂಪಿಗೆ ಸೇರಿಸಿದರೆ ಅವರ ಸಂಖ್ಯೆಗಳು ಪರಸ್ಪರ ಅಪರಿಚಿತರಿಗೆಲ್ಲ ಕಾಣುತ್ತವೆ, ಅದು ಬಹಳ ಮಹಿಳಾ ಗ್ರಾಹಕರಿಗೆ ನಿಜವಾದ ತೊಂದರೆ ತಂದಿಡುತ್ತದೆ. ಅದರ ಬದಲು 2023ರಲ್ಲಿ ಬಂದ ಚಾನೆಲ್ ಸೌಲಭ್ಯ ಬಳಸಿದರೆ ಸೇರುವವರು ತಾವಾಗಿಯೇ ಸೇರುತ್ತಾರೆ, ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಬಿಲ್ಲು ಕೊಡುವಾಗ ಒಂದು ಮಾತು ಕೇಳಿ, ಒಪ್ಪಿದವರ ಹೆಸರನ್ನಷ್ಟೇ ಬರೆದುಕೊಂಡು ಕಟ್ಟಿದ ಸಣ್ಣ ಪಟ್ಟಿ ಕೊಂಡ ಲಕ್ಷದ ಪಟ್ಟಿಗಿಂತ ಹೆಚ್ಚು ಬೆಲೆಯದು, ಮತ್ತು ಅದು ನಿಮ್ಮಲ್ಲೇ ಉಳಿಯುತ್ತದೆ.

ಪ್ರಾಯೋಜಿತ ರೀಲ್ಸ್, ವಿಮರ್ಶೆಗಳು

ರೀಲ್ಸ್ ಮಾಡುವವರಿಗೆ ಹಣ ಅಥವಾ ಉಚಿತ ವಸ್ತು ಕೊಟ್ಟು ಹೇಳಿಸುವುದರಲ್ಲಿ ತಪ್ಪಿಲ್ಲ, ಅದನ್ನು ಮುಚ್ಚಿಡುವುದರಲ್ಲಿ ತಪ್ಪಿದೆ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ತಂದ ಮಾರ್ಗಸೂಚಿಯ ಪ್ರಕಾರ ಇದು ಜಾಹೀರಾತು ಎಂಬ ಗುರುತು ಇಂಗ್ಲಿಷಿನಲ್ಲಿ ಅಥವಾ ಆ ಜಾಹೀರಾತಿನ ಭಾಷೆಯಲ್ಲೇ ಇರಬೇಕು. ಕನ್ನಡದ ವಿಡಿಯೊದಲ್ಲಿ ಕನ್ನಡದಲ್ಲೇ ಹಾಕಿಸಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಆಯ್ಕೆ ಮಾಡುವಾಗ ಹಿಂಬಾಲಕರ ಸಂಖ್ಯೆಗಿಂತ ಅವರು ಯಾವ ಊರಿನವರು, ಕಮೆಂಟುಗಳಲ್ಲಿ ಏನು ಕೇಳುತ್ತಾರೆ ಎಂಬುದನ್ನು ನೋಡಬೇಕು. ಅಡುಗೆಯ ವಿಡಿಯೊ ಮಾಡುವ, ತಮ್ಮ ತಾಲ್ಲೂಕಿನಲ್ಲಿ ಹೆಸರಿರುವ ಒಬ್ಬರು ಲಕ್ಷಾಂತರ ಹಿಂಬಾಲಕರಿರುವ ಅಪರಿಚಿತರಿಗಿಂತ ಉಪ್ಪಿನಕಾಯಿಗೆ ಹೆಚ್ಚು ಪ್ರಯೋಜನ.

ಕೊಂಡ ವಿಮರ್ಶೆಗಳ ವಿಷಯದಲ್ಲಿ ತೂಗಿ ನೋಡಲು ಏನೂ ಇಲ್ಲ, ಬೇಡ. ಅವು ನೇರ ಸುಳ್ಳು, ಮತ್ತು ಅದರ ಬೆಲೆಯನ್ನು ತೆರುವವರು ಅವನ್ನು ನಂಬಿ ಬಂದ ಗ್ರಾಹಕರು ಹಾಗೂ ಪ್ರಾಮಾಣಿಕವಾಗಿ ನಡೆಯುತ್ತಿರುವ ಪಕ್ಕದ ಅಂಗಡಿಯವರು. ವಿಮರ್ಶೆಗೆ ಪ್ರತಿಯಾಗಿ ರಿಯಾಯಿತಿ ಕೊಡುವುದು, ಮೆಚ್ಚಿದವರನ್ನು ಮಾತ್ರ ಆರಿಸಿ ಬರೆಸುವುದು ಇವೂ ಗೂಗಲ್‌ನ ನಿಯಮಕ್ಕೆ ವಿರುದ್ಧ. ಎಲ್ಲ ಗ್ರಾಹಕರನ್ನೂ ಒಂದೇ ಬಗೆಯಲ್ಲಿ ಕೇಳಿ, ಕೆಟ್ಟ ವಿಮರ್ಶೆಗೂ ಸಮಾಧಾನದಿಂದ ಉತ್ತರಿಸಿ.

ಯಾರಿಗೆ ಯಾವುದು

ಕೈಯಲ್ಲಿ ಹಣವೇ ಇಲ್ಲದವರು ಯೂನಿಕೋಡ್ ಪಠ್ಯ, ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್, ಒಪ್ಪಿದ ಗ್ರಾಹಕರ ಪಟ್ಟಿ ಇವಿಷ್ಟರಿಂದ ಆರಂಭಿಸಬಹುದು. ವಾರಕ್ಕೆ ಕೆಲವು ಗಂಟೆಗಳ ಶ್ರಮ ಮಾತ್ರ ಬೇಕು. ತಿಂಗಳಿಗೆ ಐದು ಸಾವಿರದಷ್ಟು ತೆಗೆದಿಡಬಲ್ಲವರು, ಒಂದು ಮಾರಾಟದಲ್ಲಿ ಉಳಿಯುವ ಹಣ ಜಾಹೀರಾತಿನ ವೆಚ್ಚವನ್ನು ಮೀರುತ್ತದೆ ಎಂದು ಖಚಿತವಾದರೆ, ಅದರ ಅರ್ಧವನ್ನು ಒಂದೇ ಊರಿಗೆ, ಕೆಲವೇ ಪದಗಳಿಗೆ ಸೀಮಿತವಾದ ಜಾಹೀರಾತಿಗೂ ಉಳಿದರ್ಧವನ್ನು ಒಳ್ಳೆಯ ಪುಟಗಳನ್ನು ಬರೆಸಲೂ ಬಳಸಲಿ. ಪ್ರಕಾಶಕರ ಪರಿಸ್ಥಿತಿ ಬೇರೆ. ಪುಸ್ತಕದಲ್ಲಿ ಲಾಭ ಕಡಿಮೆ, ಆದರೆ ಒಮ್ಮೆ ಕೊಂಡ ಓದುಗರು ಮತ್ತೆ ಕೊಳ್ಳುತ್ತಾರೆ. ಹೀಗಾಗಿ ಅವರಿಗೆ ಇಮೇಲ್ ಅಥವಾ ಚಾನೆಲ್ ಮುಖ್ಯ, ಬಿಡುಗಡೆಯ ವಾರದಲ್ಲಿ ಮಾತ್ರ ಜಾಹೀರಾತು ಸಾಕು. ಬಹರೈನ್, ಅಮೆರಿಕಗಳಲ್ಲಿರುವ ಕನ್ನಡ ಓದುಗರನ್ನು ತಲುಪಲು ಅಲ್ಲಿನ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ ಒಂದು ವಿವರವಾದ ಪತ್ರ ಬರೆದು, ಸದಸ್ಯರಿಗೆ ತಿಳಿಸುವುದನ್ನು ಅವರ ಇಚ್ಛೆಗೆ ಬಿಡುವುದೇ ಸರಿಯಾದ ಕ್ರಮ.

ಏಜೆನ್ಸಿಗೆ ಕೆಲಸ ಒಪ್ಪಿಸುವುದಾದರೆ, ಕೊಂಡಿಗಳು ಯಾವ ತಾಣಗಳಿಂದ ಬರುತ್ತವೆ, ಸಂಖ್ಯೆಗಳ ಪಟ್ಟಿ ಎಲ್ಲಿಂದ ಬಂತು, ವಿಮರ್ಶೆ ಬರೆಯುವವರು ಯಾರು ಎಂಬ ಮೂರನ್ನು ಲಿಖಿತವಾಗಿ ಕೇಳಿ. ಇದು ನಮ್ಮ ಗುಟ್ಟು ಎಂಬ ಉತ್ತರ ಬಂದರೆ ಅಲ್ಲಿಗೆ ಬಿಡಿ. ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಿಂದ ನೋಂದಣಿಯಾಗಿರಲಿ. ಸರ್ಚ್ ಕನ್ಸೋಲ್, ಜಾಹೀರಾತು ಖಾತೆ, ಬಿಸಿನೆಸ್ ಪ್ರೊಫೈಲುಗಳ ಮಾಲೀಕರು ನೀವಾಗಿರಿ, ಏಜೆನ್ಸಿಯವರಿಗೆ ಬಳಕೆಯ ಅನುಮತಿ ಮಾತ್ರ ಕೊಡಿ. ತಿಂಗಳಿಗೊಮ್ಮೆ ಸರ್ಚ್ ಕನ್ಸೋಲಿನಲ್ಲಿ, ತಾಣಕ್ಕೆ ಗೂಗಲ್ ವಿಧಿಸಿದ ಶಿಕ್ಷೆಯನ್ನು ತೋರಿಸುವ ಮ್ಯಾನ್ಯುಯಲ್ ಆ್ಯಕ್ಷನ್ಸ್ ಪುಟವನ್ನೂ ಕೊಂಡಿಗಳ ಪಟ್ಟಿಯನ್ನೂ ನೀವೇ ತೆರೆದು ನೋಡಿ. ನಿಮಗೆ ಗುರುತಿಲ್ಲದ ತಾಣಗಳಿಂದ ಒಮ್ಮೆಗೇ ನೂರಾರು ಕೊಂಡಿಗಳು ಬಂದಿದ್ದರೆ ಮುಂದಿನ ಕಂತಿನ ಹಣ ಕೊಡುವ ಮೊದಲು ಅವರಿಂದ ವಿವರಣೆ ಪಡೆಯಿರಿ.